ಆಷಾಢ ಕಳೆಯಲಿ ಎಂದು

ಹೋದ ತಿಂಗಳು ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿದ್ದಾಗ ಬ್ಯಾಂಕಿನಿಂದ ಫೋನು ಬಂತು. "ಮೇಡಂ, ಈಗ ಗೃಹಸಾಲದ ಬಡ್ಡಿ ಇಳಿದಿದೆ. ನೀವು ಹಿಂದೆ ಅರ್ಜಿ ಹಾಕಿದ್ರಲ್ಲ, ಮತ್ತೆ ಹಾಕ್ತೀರಾ?" ದನಿಯಲ್ಲಿ ಎಂಥಾ ಉತ್ಸಾಹ! ಬೇಡ ಎಂದು ಫೋನಿಟ್ಟೆ. ಆಮೇಲೆ ಐದುನೂರರ ನೋಟು ಹಿಡಿದು ಕೊರಟಗೆರೆಗೆ ಒಂದು ಟಿಕೆಟ್ ಕೇಳಿದವನನ್ನು ಸರಿಯಾಗಿ ಬೈದೆ. ಅವನದೇನೂ ತಪ್ಪಿರಲಿಲ್ಲ, ಪಾಪ.

ತುಮಕೂರಿನಿಂದ ಮಧುಗಿರಿ ದಾರಿಯಾಗಿ ಪಾವಗಡಕ್ಕೆ ಹೋಗುವ ಬಸ್ಸಿನಲ್ಲಿ ನಾನು ಕಂಡಕ್ಟರ್. ಚಿಲ್ಲರೆಗಾಗಿ ಜಗಳವಾಡಿ ಆಡಿ ಬಾಯಿ ಸ್ವಲ್ಪ ಜೋರು. ಗಂಡ ಎನ್ನುವವನೊಬ್ಬ ಸಿರಾದಲ್ಲಿದ್ದಾನೆ. ಅವನ ವಿಷಯ ಇಲ್ಲಿ ಬೇಡ. ಮಧುಗಿರಿಯ ಬಾಡಿಗೆ ಮನೆಯಲ್ಲಿ ನಾನು, ಅಮ್ಮ ಇಬ್ಬರೇ ಇದ್ದೆವು. ಅಪ್ಪ ಸರ್ಕಾರಿ ಶಾಲೆಯ ಜವಾನರಾಗಿದ್ದವರು. ಅವರು ತೀರಿಕೊಂಡ ಮೇಲೆ ಅಮ್ಮನಿಗೆ ಪಿಂಚಣಿ ಬರುತ್ತಿತ್ತು.

ಸ್ವಂತ ಮನೆಯ ಆಸೆ ಅಮ್ಮನದು. ಅದು ಶುರುವಾದದ್ದು ನಮ್ಮ ಪಕ್ಕದ ಮನೆಯಿಂದ. ಆ ಮನೆಯೂ ನಮ್ಮ ಓನರಮ್ಮನದೇ. ಅಲ್ಲಿ ಬಾಡಿಗೆಗಿದ್ದ ಒಬ್ಬ ಮುದುಕರು ಕೆಟ್ಟ ನಕ್ಷತ್ರದಲ್ಲಿ ಸತ್ತರು. ನಮ್ಮ ಕಡೆ ಹಾಗಾದರೆ ಆ ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಸ್ವಂತ ಮನೆಯವರು ನೆಂಟರಲ್ಲಿ ಇದ್ದು ವಾಪಸು ಬರುತ್ತಾರೆ. ಬಾಡಿಗೆಯವರಿಗೆ ವಾಪಸು ಬರುವುದು ಎಲ್ಲಿಂದ ಬಂತು? ತಿಥಿ ಮುಗಿಯುವ ಮೊದಲೇ ಓನರಮ್ಮ ಆ ಮುದುಕರ ಮನೆಯವರ ಪಾತ್ರೆ, ಮಂಚ, ಗ್ಯಾಸ್ ಸಿಲಿಂಡರು ಎಲ್ಲ ಬೀದಿಗೆ ಇಡಿಸಿದರು.

ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. "ನಾನು ಸತ್ರೆ ನಿನ್ನೂ ಹಿಂಗೇ ಹೊರಕ್ಕೆ ಹಾಕ್ತಾರೆ ಕಣಮ್ಮ. ಒಂದು ಗೂಡು ಮಾಡ್ಕಂಬುಡೋಣ. ನಮ್ ಮನೇಲೇ ಸತ್ರೆ ಯಾವ ನಕ್ಷತ್ರ ಆದ್ರೇನು, ಕೇಳೋರ್ಯಾರು?"

ಹುಡುಕಿ ಹುಡುಕಿ ಒಂದು ಸಿಕ್ಕಿತು. ಎರಡು ಕೋಣೆ, ಹಿತ್ತಲಲ್ಲಿ ಒಂದು ನುಗ್ಗೆಮರ. ಅಡುಗೆಮನೆ ಕಿಟಕಿಗೆ ಬೆಟ್ಟ ಪೂರ್ತಿ ಕಾಣುತ್ತಿತ್ತು. ಅಮ್ಮ ಅಲ್ಲೇ ನಿಂತು, ಒಲೆ ಎಲ್ಲಿ, ನೀರಿನ ಕೊಡ ಎಲ್ಲಿ ಎಂದು ಗಾಳಿಯಲ್ಲೇ ಕೈಯಾಡಿಸಿ ಗೊತ್ತುಮಾಡಿದಳು. ಬಳೆ ಮಾರಿ ಮುಂಗಡ ಕೊಟ್ಟು ಕರಾರು ಬರೆಸಿಕೊಂಡೆ.

ನನ್ನ ಸಂಬಳವೊಂದಕ್ಕೆ ಅಷ್ಟು ಸಾಲ ಹುಟ್ಟುತ್ತಿರಲಿಲ್ಲ. ಬ್ಯಾಂಕಿನ ಅಧಿಕಾರಿ, ಇನ್ನೂ ಚಿಕ್ಕ ವಯಸ್ಸಿನ ಹೆಂಗಸು, "ಅಮ್ಮನ ಪಿಂಚಣಿಯನ್ನೂ ಸೇರಿಸೋಣ, ಅವರೂ ಅರ್ಜಿಗೆ ಸಹಿ ಹಾಕಲಿ" ಅಂದರು. ಅಮ್ಮ ಅದಕ್ಕಾಗಿ ಹೊಸ ಪೆನ್ನು ತೆಗೆದುಕೊಂಡಳು. ಎಲ್ಲಾ ಹಾಳೆಗೂ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕುವಷ್ಟರಲ್ಲಿ ಮಧ್ಯಾಹ್ನವಾಯಿತು. ಮಾರನೆಯ ದಿನ ಹೂವಿನವಳ ಹತ್ತಿರ, "ಬ್ಯಾಂಕ್ನೋರು ನನ್ ಸಹಿ ನೋಡೇ ದುಡ್ಡು ಕೊಡ್ತಿರೋದು" ಎಂದು ಜಂಬ ಕೊಚ್ಚಿದಳು.

ಸಾಲ ಮಂಜೂರಾಯಿತು. ಆಷಾಢಕ್ಕೆ ಇನ್ನು ಐದೇ ದಿನ ಇತ್ತು. "ಬೇಗ ನೋಂದಣಿ ಮಾಡಿಸಿ, ಚೆಕ್ ಕೊಡುವ ದಿನ ಯಾವ ಬಡ್ಡಿ ಇರುತ್ತೋ ಅದೇ ನಿಮಗೆ" ಎಂದು ಅಧಿಕಾರಿ ಹೇಳಿದರು. ಆ ಐದು ದಿನದಲ್ಲಿ ಕಾಗದಪತ್ರ ಸಿದ್ಧವಾಗಲಿಲ್ಲ. ಆಷಾಢ ಹುಟ್ಟಿದ ಮೇಲೆ ಎಲ್ಲವೂ ಕೈಗೆ ಬಂತು. ಆಗ ನಾನು ಒಂದೇ ಹಟ ಹಿಡಿದೆ: ಆಷಾಢದಲ್ಲಿ ಮನೆ ಬರೆಸಿಕೊಳ್ಳುವುದಿಲ್ಲ.

ಅಮ್ಮ ನಕ್ಕಳು. "ನಿಮ್ಮಪ್ಪನ್ನ ಒಳ್ಳೇ ಮುಹೂರ್ತದಾಗೇ ಕಟ್ಕಂಡೆ. ಏನ್ ಸುಖ ಸುರೀತು? ಬರೆಸ್ಕಂಬುಡು ಅತ್ಲಾಗೆ."

ನಾನು ಕೇಳಲಿಲ್ಲ. ನನ್ನ ಮದುವೆ ಅವಸರದಲ್ಲಿ, ಯಾರನ್ನೂ ಕೇಳದೆ ಆದದ್ದು. ಇದೊಂದಾದರೂ ಕ್ರಮವಾಗಿ ಆಗಲಿ ಎಂಬ ಆಸೆ. ಬಸ್ಸಿನಲ್ಲಿ ಹಿರಿಯರನ್ನೆಲ್ಲ ಕೇಳಿದೆ. ಎಲ್ಲರೂ "ಬ್ಯಾಡ ಕಣಮ್ಮ, ಒಂದು ತಿಂಗ್ಳು ತಡಿ" ಎಂದರು. ನನಗೆ ಬೇಕಾದದ್ದೂ ಅದೇ ಉತ್ತರ.

ಶ್ರಾವಣದ ಮೊದಲ ಶುಕ್ರವಾರ ಗೊರವನಹಳ್ಳಿ ಲಕ್ಷ್ಮಿಗೆ ಮಡಿಲಕ್ಕಿ ಕೊಟ್ಟು ಬಂದೆವು. ಸೋಮವಾರ ಬ್ಯಾಂಕಿಗೆ ಹೋದೆವು. ಅಧಿಕಾರಿ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. ಬಡ್ಡಿ ಏರಿತ್ತು. ಅದನ್ನಾದರೂ ಹೊಟ್ಟೆ ಕಟ್ಟಿ ತೀರಿಸುತ್ತಿದ್ದೆನೇನೋ. ಅದರ ಜೊತೆಗೆ ಅವರ ಮೇಲಿನ ಕಚೇರಿಯಿಂದ ಹೊಸ ನಿಯಮ ಬಂದಿತ್ತು: ಇನ್ನು ಮುಂದೆ ವಯಸ್ಸಾದವರ ಪಿಂಚಣಿಯನ್ನು ಸಾಲದ ಲೆಕ್ಕಕ್ಕೆ ಹಿಡಿಯುವಂತಿಲ್ಲ. ನನ್ನ ಸಂಬಳದ ಮೇಲೆ, ಏರಿದ ಬಡ್ಡಿಯಲ್ಲಿ ಸಿಗುವ ಸಾಲಕ್ಕೂ ಮನೆಯ ಬೆಲೆಗೂ ನಾಲ್ಕು ಲಕ್ಷ ವ್ಯತ್ಯಾಸ.

"ಅಂಗಾದ್ರೆ ನನ್ ಸಹಿ?" ಎಂದು ಅಮ್ಮ ಕೇಳಿದಳು.

"ಈಗ ಬೇಕಾಗಲ್ಲ ಅಮ್ಮ. ಹೋದ ತಿಂಗಳು ಬಂದಿದ್ದರೆ ಹಳೇ ನಿಯಮದಲ್ಲೇ ಆಗಿಹೋಗ್ತಿತ್ತು."

ಅಮ್ಮ ಪೆನ್ನನ್ನು ಚೀಲಕ್ಕೆ ಹಾಕಿಕೊಂಡಳು. ನನ್ನ ಮುಖ ನೋಡಲಿಲ್ಲ. ದಾರಿಯಲ್ಲಿ ಉಗಿದು ಉಪ್ಪಿನಕಾಯಿ ಹಾಕುತ್ತಾಳೆ ಅಂದುಕೊಂಡೆ, ಅದಕ್ಕೆ ತಯಾರಾಗಿಯೂ ಇದ್ದೆ. ಬೈದಿದ್ದರೆ ಈಗ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ನಾಲ್ಕು ಲಕ್ಷ ಹೊಂದಿಸಲಾಗಲಿಲ್ಲ. ಕರಾರಿನ ಅವಧಿ ಮುಗಿಯಿತು. ಆ ಮನೆಯ ಮಾಲೀಕರು ಅರ್ಧ ಮುಂಗಡ ಹಿಡಿದುಕೊಂಡು ಬೇರೆಯವರಿಗೆ ಮಾರಿದರು. ಆಮೇಲೆ ಬಡ್ಡಿ ಮತ್ತೆ ಮತ್ತೆ ಏರಿತು. ಪೇಪರಿನಲ್ಲಿ ಆ ಸುದ್ದಿ ಬಂದ ದಿನ ನಾನು ಪೇಪರನ್ನು ಮನೆಗೆ ತರುತ್ತಿರಲಿಲ್ಲ. ಅಮ್ಮ ಓದುವವಳಲ್ಲ, ಆದರೂ ತರುತ್ತಿರಲಿಲ್ಲ.

ಎರಡು ವರ್ಷ ಕಳೆದು ಅಮ್ಮನಿಗೆ ಉಬ್ಬಸ ಹಿಡಿಯಿತು. ಒಂದು ಬೆಳಿಗ್ಗೆ ಉಸಿರು ತೀರಾ ಕಷ್ಟವಾಯಿತು. ಡಾಕ್ಟರನ್ನು ಮನೆಗೇ ಕರೆತರುತ್ತೇನೆ ಎಂದು ಚಪ್ಪಲಿ ಮೆಟ್ಟಿದೆ. "ಬ್ಯಾಡ. ತುಮಕೂರು ದೊಡ್ಡಾಸ್ಪತ್ರೆಗೆ ಕರ್ಕಂಡೋಗು. ಈಗ್ಲೇ" ಅಂದಳು. ಜನ್ಮವಿಡೀ ಆಸ್ಪತ್ರೆ ಎಂದರೆ ಮುಖ ತಿರುಗಿಸುತ್ತಿದ್ದವಳು. ಬದುಕುವ ಆಸೆ ಬಂತು ಎಂದು ನನಗೆ ಖುಷಿಯೇ ಆಯಿತು.

ಸೀರೆ ಬದಲಾಯಿಸಿಕೊಂಡಳು. ಗೋಡೆ ಹಿಡಿದು ತಾನೇ ನಡೆದು ಹೊಸ್ತಿಲು ದಾಟಿದಳು. ಮೆಟ್ಟಿಲ ಹತ್ತಿರ ನಿಂತಿದ್ದ ಓನರಮ್ಮನಿಗೆ, "ಮಗಳು ಇಲ್ಲೇ ಇರ್ತಾಳೆ ಕಣಮ್ಮ, ನೋಡ್ಕಳಿ" ಎಂದಳು. ಅದು ಯಾವ ಮಾಸ, ಯಾವ ನಕ್ಷತ್ರ, ನಾನು ನೋಡಲಿಲ್ಲ.

ಆಂಬುಲೆನ್ಸಿನಲ್ಲಿ ನನ್ನ ಕೈ ಹಿಡಿದುಕೊಂಡಿದ್ದಳು. "ಎಲ್ಲಿಗ್ ಬಂದ್ವಿ?" ಎಂದು ಎರಡು ಸಲ ಕೇಳಿದಳು. ದಿನಾ ಓಡಾಡುವ ದಾರಿ, ನೋಡದೆಯೇ ಹೇಳಬಲ್ಲೆ. ಮೂರನೇ ಸಲ ಕೇಳಿದಾಗ, "ಕೊರಟಗೆರೆ ದಾಟಿದ್ವಿ ಕಣಮ್ಮ" ಎಂದೆ.

"ಮನೆ ದೂರ ಆಯ್ತಲ್ಲ. ಸಾಕು ಬುಡು," ಅಂದಳು. ಆಸ್ಪತ್ರೆ ಸಿಗುವ ಮೊದಲೇ ಹೋಗಿಬಿಟ್ಟಳು.

ಓನರಮ್ಮ ನನ್ನನ್ನು ಖಾಲಿ ಮಾಡಿಸಲಿಲ್ಲ. ನಾವಿದ್ದ ಮನೆಯೊಳಗೆ ಯಾರೂ ಸತ್ತಿರಲಿಲ್ಲವಲ್ಲ.