ಅರ್ಧಕ್ಕೆ ಇಳಿಸಿದ ರೆಕ್ಕೆ

ನನ್ನ ಗಂಡನಿಗೆ ಸ್ಟ್ರೋಕ್ ಆದ ಮೇಲೆ ನಮ್ಮ ಬೇಸ್‌ಮೆಂಟಿನ ದೊಡ್ಡ ವಿಮಾನ ಹೊರಗೆ ಹೋಗಲೇ ಇಲ್ಲ. ಬಾಲ್ಸಾ ಎಂಬ ಹಗುರ ಮರದ ತೆಳು ಹಲಗೆಗಳಲ್ಲಿ ಅವರೇ ಕಟ್ಟಿದ ಮಾಡೆಲ್ ಅದು, ರೆಕ್ಕೆ ನನಗಿಂತ ಉದ್ದ. ಬಲಗೈ ಸೋತವರು ಅದನ್ನು ಎತ್ತುವುದು ಹೇಗೆ? ಹಿಮ ಕರಗುವ ಹೊತ್ತಿಗೆ ಒಂದು ಬೆಳಿಗ್ಗೆ, ಕಾಫಿ ಕುಡಿಯುತ್ತಾ, "ಇದನ್ನೇ ಅರ್ಧ ಸೈಜಿಗೆ ಇಳಿಸಿದ್ರೆ ಎಡಗೈಲಿ ಎಸೀಬಹುದು. ನಮ್ಮ ಸಬ್‌ಡಿವಿಷನ್ ಮನೆಗಳ ಹಿಂದಿನ ಹುಲ್ಲಲ್ಲೇ ಹಾರಿಸಬಹುದು," ಎಂದರು. ಆಸ್ಪತ್ರೆಯಿಂದ ಬಂದ ಮೇಲೆ ಅವರು ತಾವಾಗಿ ಏನನ್ನಾದರೂ ಬಯಸಿದ್ದು ಅದೇ ಮೊದಲು. ನನಗೆ ಎಷ್ಟು ಸಂತೋಷವಾಯಿತೆಂದರೆ, ಸಿಡುಕಿನಿಂದ, "ಮೊದಲು ಕಾಫಿ ಮುಗಿಸಿ," ಎಂದೆ. ನನ್ನ ಸಂತೋಷ ಬರುವುದೇ ಹಾಗೆ.

ಆಬರ್ನ್ ಹಿಲ್ಸ್‌ನಲ್ಲಿ ಕಾರಿನ ಭಾಗಗಳನ್ನು ಡಿಸೈನ್ ಮಾಡುತ್ತಲೇ ತಲೆ ನರೆಸಿಕೊಂಡವರು ಅವರು. ನಕ್ಷೆ ಕುಗ್ಗಿಸುವುದು ನೀರು ಕುಡಿದಷ್ಟು ಸುಲಭವಾಗಬೇಕಿತ್ತು. ಎಡಗೈಯಲ್ಲಿ ಮೌಸ್ ಹಿಡಿದು ನಿಧಾನವಾಗಿ ಬರೆದರು. ಬ್ಲೇಡು ಹಿಡಿಯುವ ಕೆಲಸ ನನ್ನದು. ನಾನು ಮಕ್ಕಳ ಡಾಕ್ಟರು. ಫಾರ್ಮಿಂಗ್ಟನ್ ಹಿಲ್ಸ್‌ನ ಕ್ಲಿನಿಕ್ಕಿನಲ್ಲಿ ನನ್ನ ಕೈಯನ್ನು ಯಾರೂ ಅನುಮಾನಿಸಿದವರಿಲ್ಲ. ಇಲ್ಲಿ ಮಾತ್ರ, "ಗೆರೆ ಬಿಟ್ಟು ಒಳಗೆ ಹೋದೆ ನೋಡು. ಅದು ಮರ ಕಣೇ, ಬದನೇಕಾಯಲ್ಲ," ಎಂದು ಬೈಸಿಕೊಂಡೆ. ಬೈಯುವಷ್ಟು ಚೈತನ್ಯ ಬಂತಲ್ಲ ಎಂದು ಇನ್ನೊಂದು ಹಲಗೆ ಎತ್ತಿಕೊಂಡೆ.

ಒಂದು ಶನಿವಾರ ಮಧ್ಯಾಹ್ನ ರೆಕ್ಕೆ ಜೋಡಿಸಲು ಕೂತೆವು. ರೆಕ್ಕೆಗೆ ಆಕಾರ ಕೊಡುವ ಅಡ್ಡ ಹಲಗೆಗಳಲ್ಲಿ, ಅದರ ಪಕ್ಕೆಲುಬುಗಳಲ್ಲಿ, ಸಣ್ಣ ಸೀಳುಗಳಿರುತ್ತವೆ. ಅವುಗಳಲ್ಲಿ ಉದ್ದನೆಯ ಪಟ್ಟಿ ಕೂರಬೇಕು. ಒಂದರಲ್ಲೂ ಕೂರಲಿಲ್ಲ. ಅವರು ಎಲ್ಲವನ್ನೂ ಅರ್ಧ ಮಾಡಿದ್ದರು, ಸೀಳುಗಳನ್ನೂ. ಪಟ್ಟಿಯನ್ನು ಮಾತ್ರ, ಅಷ್ಟು ತೆಳುವಾದರೆ ಮುರಿಯುತ್ತದೆಂದು, ಸ್ವಲ್ಪ ದಪ್ಪನೆಯದನ್ನೇ ತರಿಸಿದ್ದರು. ಪಟ್ಟಿ ದಪ್ಪವಾದರೆ ಸೀಳೂ ಅಗಲವಾಗಬೇಕೆಂಬುದು ಅವರಿಗೆ ಹೊಳೆದಿರಲಿಲ್ಲ.

"ಕೈ ಒಂದೇ ಹೋಯ್ತು ಅಂದ್ಕೊಂಡಿದ್ದೆ," ಎಂದರು ಮೆಲ್ಲಗೆ. "ತಲೆನೂ ಹೋಗಿದೆ ನಂದು."

"ಹೊಸ ಡಾಕ್ಟರುಗಳೂ ಹೀಗೇ ಮಾಡ್ತಾರೆ ರೀ. ತೂಕ ನೋಡದೆ, ಮಗು ಅಂದ್ರೆ ದೊಡ್ಡೋರ ಡೋಸಲ್ಲಿ ಅರ್ಧ ಅಂತಾರೆ. ನಾನು ಬೈದು ತಿದ್ದಲ್ವಾ?"

"ಅವರು ಹೊಸಬರು. ನಾನು ಜೀವನ ಪೂರ್ತಿ ಇದನ್ನೇ ಮಾಡಿದೋನು."

ಕಂಬಿ ಹಿಡಿದು ಮೆಟ್ಟಿಲು ಹತ್ತಿ ಹೊರಟೇಹೋದರು. ಸ್ಕ್ಯಾನ್ ಸರಿಯಿದೆ, ನೆನಪು ಸರಿಯಿದೆ ಎಂದು ಅವರ ಡಾಕ್ಟರು ಹೇಳಿದ್ದರು. ನಾನೂ ಡಾಕ್ಟರೇ, ನನಗೂ ಗೊತ್ತು. ಆದರೂ ಹೈವೇಯಲ್ಲಿ ಕಾರು ಓಡಿಸುವಾಗ, ಗೊತ್ತಿಲ್ಲದವಳ ಹಾಗೆ, "ಯಾವ ಎಕ್ಸಿಟ್ ರೀ?" ಎಂದು ಕೇಳಿ ಅವರನ್ನು ಪರೀಕ್ಷಿಸುತ್ತಿದ್ದೆ. ಹೆದರಿಕೆ ನನಗೂ ಇತ್ತು.

ಹೆದರಿಕೆಯಾದರೆ ನಾನು ಸುಮ್ಮನೆ ಕೂರುವವಳಲ್ಲ. ಸರಿಯಾದ ಸೀಳು ಹೇಗಿರುತ್ತದೋ ನೋಡಿಯೇಬಿಡೋಣ ಎಂದು ಹಳೆಯ ವಿಮಾನದ ರೆಕ್ಕೆ ಕಳಚಿ ಮೇಜಿನ ಮೇಲಿಟ್ಟೆ. ಧೂಳು ಒರೆಸುವ ರಭಸಕ್ಕೆ ನನ್ನ ಬೆರಳು ರೆಕ್ಕೆಯ ಮೇಲಿನ ತೆಳು ಹೊದಿಕೆಯನ್ನು ಹರಿದುಕೊಂಡು ಒಳಗೆ ಹೋಯಿತು. ಅಯ್ಯೋ ಎನ್ನುತ್ತಾ ಇಣುಕಿದೆ. ಒಳಗಿನ ಸೀಳುಗಳನ್ನು ಬ್ಲೇಡಿನಿಂದ ಅಡ್ಡಾದಿಡ್ಡಿ ಅಗಲ ಮಾಡಿದ್ದರು. ಹೆಚ್ಚಾದ ಸಂದಿಗೆ ಮರದ ಚೂರು ತುರುಕಿ ಅಂಟು ಸುರಿದಿದ್ದರು. ಈ ವಿಮಾನವನ್ನೂ ಅವರು ಇನ್ನೂ ದೊಡ್ಡದೊಂದು ನಕ್ಷೆಯನ್ನು ಕುಗ್ಗಿಸಿಯೇ ಮಾಡಿದ್ದರು. ಆಗ ಅವರ ತಲೆಗೂದಲು ಪೂರ್ತಿ ಕಪ್ಪಾಗಿತ್ತು.

ರೆಕ್ಕೆಯನ್ನು ಗೋಡೆಗೆಲ್ಲ ತಾಗಿಸಿಕೊಂಡು ಮೇಲಕ್ಕೆ ಹೊತ್ತುಕೊಂಡು ಹೋದೆ. ಸೋಫಾದ ಮೇಲೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದವರ ತೊಡೆಗೆ ಅದನ್ನು ಒರಗಿಸಿದೆ.

"ಇದು ಯಾರ ಕೆಲಸ?"

ಕನ್ನಡಕ ಸರಿಮಾಡಿಕೊಂಡು ತೂತಿನೊಳಗೆ ಬಹಳ ಹೊತ್ತು ನೋಡಿದರು.

"ನಂದೇ," ಎಂದರು. "ಆಗ್ಲೂ ಪಟ್ಟಿ ದಪ್ಪ ಮರ್ತಿದ್ದೆ."

"ಹಾಗಾದ್ರೆ ನಿಮ್ಮ ತಲೆಗೆ ಏನೂ ಆಗಿಲ್ಲ. ಮೊದಲಿಂದಲೂ ಇಷ್ಟೇ."

ನಗು ಬಾಯಿಯ ಒಂದೇ ಬದಿಗೆ ಬಂತು, ಆದರೆ ಜೋರಾಗಿ ಬಂತು. ನಾನು ಅವರ ಪಕ್ಕ ಕೂತು ಅತ್ತುಬಿಟ್ಟೆ. ಅವರು ಎಡಗೈಯಿಂದ ನನ್ನ ಬೆನ್ನು ಸವರುತ್ತಾ ಕೇಳಿದರು:

"ಅದಿರ್ಲಿ, ಹೊದಿಕೆ ಹರಿದೋರು ಯಾರು?"