ಬೀಳ್ಕೊಡುಗೆ ಮಧ್ಯೆ ಬಂದ ಫೋನ್

ಸ್ನೇಹಿತರೇ, ನನಗಿನ್ನೂ ನಂಬೋಕಾಗ್ತಿಲ್ಲ. ಇವತ್ತು ಮಧ್ಯಾಹ್ನ ಪೀಣ್ಯದ ನಮ್ಮ ಫ್ಯಾಕ್ಟರಿಯಲ್ಲಿ ಶೈಲಜಾಗೆ ಬೀಳ್ಕೊಡುಗೆ ಇತ್ತು. ಒಂಬತ್ತು ವರ್ಷ ನನ್ನ ಪಕ್ಕದ ಟೇಬಲ್ಲಲ್ಲೇ ಕೂತು ಬಿಡಿಭಾಗಗಳ ಅಳತೆ ನೋಡಿದವಳು. ಗಂಡ ಮಹೇಶ ಜಪಾನಿನ ಒಂದು ಇಂಡಿಯನ್ ಹೋಟೆಲಲ್ಲಿ ಅಡುಗೆ ಮಾಡ್ತಿದ್ದ. ಈಗ ಅಲ್ಲೇ ಸ್ವಂತ ಹೋಟೆಲ್ ತೆರೀತಾನೆ ಅಂತ ಇವಳೂ ಕೆಲಸ ಬಿಟ್ಟು, ಮುಂದಿನ ವಾರ ಹೊರಡೋದಿತ್ತು.

ಕೇಕ್ ಕತ್ತರಿಸುವಾಗ ಅವನದೇ ಫೋನ್ ಬಂತು. "ಎಲ್ಲರಿಗೂ ನಮಸ್ಕಾರ ಹೇಳ್ರೀ" ಅಂತ ಇವಳು ಖುಷಿಯಲ್ಲಿ ಸ್ಪೀಕರ್ ಹಾಕಿದಳು.

"ಶೈಲಾ, ಟಿಕೆಟ್ ಕ್ಯಾನ್ಸಲ್ ಮಾಡು. ಹೊರದೇಶದವರು ಇಲ್ಲಿ ವ್ಯಾಪಾರ ಮಾಡೋ ವೀಸಾಕ್ಕೆ ರೂಲ್ಸ್ ಬಿಗಿ ಮಾಡ್ಬಿಟ್ಟಿದ್ದಾರೆ. ಬಂಡವಾಳ ಹಲವು ಪಟ್ಟು ಜಾಸ್ತಿ ತೋರಿಸ್ಬೇಕಂತೆ. ಇಲ್ಲಿಯವರೊಬ್ಬರನ್ನ ಪೂರ್ತಿ ಕೆಲಸಕ್ಕೆ ಇಟ್ಕೋಬೇಕಂತೆ. ಎಂಟು ಕುರ್ಚಿ ಹೋಟೆಲಿಗೆ ಇದೆಲ್ಲ ಎಲ್ಲಿಂದ ತರ್ಲಿ? ಹಳೇ ಕೆಲಸಾನೂ ಬಿಟ್ಟಾಯ್ತು. ನಾನೇ ವಾಪಸ್ ಬರ್ತೀನಿ."

ಸುತ್ತ ನಿಂತಿದ್ದ ಇಪ್ಪತ್ತು ಜನಕ್ಕೂ ಕೇಳಿಸ್ತು. ಶೈಲಜಾ ಚಾಕು ಕೆಳಗಿಟ್ಟಳು. ಅಳಲಿಲ್ಲ. ಪಕ್ಕದಲ್ಲೇ ನಿಂತಿದ್ದ ಎಚ್.ಆರ್. ಮ್ಯಾನೇಜರ್ ಕಡೆ ತಿರುಗಿ, "ಸಾರ್, ನನ್ನ ರಾಜೀನಾಮೆ ವಾಪಸ್ ತಗೋತೀನಿ" ಅಂದಳು.

"ಅಯ್ಯೋ, ಬೆಳಿಗ್ಗೇನೇ ಸಿಸ್ಟಮ್‌ನಲ್ಲಿ ಕ್ಲೋಸ್ ಆಗೋಯ್ತಮ್ಮ. ಹೊಸದಾಗಿ ಅರ್ಜಿ ಹಾಕಿ. ಬಯೋಡೇಟಾ, ಎರಡು ಫೋಟೋ ಕೊಡಿ. ಆಮೇಲೆ ಅಳತೆ ತಗೊಳ್ಳೋಕೆ ಬರುತ್ತಾ ಅಂತ ಒಂದು ಟೆಸ್ಟ್ ಇರುತ್ತೆ."

ಅವಳು ಸಂಜೆ ಅರ್ಜಿ ತುಂಬಿ, ಸಹಿ ಹಾಕಿಯೇ ಮನೆಗೆ ಹೋದಳು.

ಆ ಟೆಸ್ಟಿನ ಪ್ರಶ್ನೆಗಳನ್ನ ಹೋದ ವರ್ಷ ಬರೆದುಕೊಟ್ಟಿದ್ದೇ ಶೈಲಜಾ ಕಣ್ರೀ. ಪಾಸಾಗ್ತಾಳೆ ಅಂದ್ಕೊಂಡಿದ್ದೀನಿ.