ಡಬ್ಬಿಗೆ ಬಿದ್ದ ಮೊದಲ ಚೀಟಿ

ಬೆಟಗೇರಿಯಿಂದ ನಸುಕಿನಲ್ಲೇ ಹೊರಟೆವು, ನಾನು ಮತ್ತು ಅಕ್ಕ ಗಂಗವ್ವ. ಮಗ್ಗದ ಕೆಲಸಕ್ಕೆ ಬಂದು ಇಲ್ಲೇ ನೆಲೆಸಿದರೂ ನಮ್ಮಿಬ್ಬರ ಹೆಸರು ಇನ್ನೂ ಹುಟ್ಟೂರು ಹಿರೇವಡ್ಡಟ್ಟಿಯ ಮತದಾರರ ಪಟ್ಟಿಯಲ್ಲೇ ಇದೆ. ಗದಗದಲ್ಲಿ ಹತ್ತಿದ ಬಸ್ಸಿನಲ್ಲಿ ಅಕ್ಕನಿಗೆ ಸೀಟೂ ಸಿಕ್ಕಿತು, ಟಿಕೆಟ್ಟೂ ಉಚಿತ. ನಿಂತೇ ಬಂದ ನನಗೆ ಪೂರ್ತಿ ದರ. ಮುಂಡರಗಿಯಲ್ಲಿ ಮಿರ್ಚಿ, ಮಂಡಕ್ಕಿ ತಿಂದು ಬಸ್ಸು ಬದಲಿಸಿದೆವು. ಅಷ್ಟರಲ್ಲೇ ಬಿಸಿಲು ಚುರುಗುಟ್ಟುತ್ತಿತ್ತು.

ಊರ ಶಾಲೆಯೇ ಮತಗಟ್ಟೆ. ನಾನು ಮೊದಲು ವೋಟು ಹಾಕಿ ಬೇವಿನ ನೆರಳಿಗೆ ಬಂದೆ. ಅಕ್ಕ ಬರಲೇ ಇಲ್ಲ. ಮರಳಿ ಬಾಗಿಲಿಗೆ ಹೋಗಿ ನೋಡಿದೆ. ಗುಂಡಿ ಒತ್ತಿದ ಮೇಲೆ ಪಕ್ಕದ ಡಬ್ಬಿಯ ಗಾಜಿನಲ್ಲಿ ಚೀಟಿಯೊಂದು ಏಳು ಸೆಕೆಂಡು ಕಂಡು ಒಳಗೆ ಬೀಳುತ್ತದಲ್ಲ, ಅದರದೇ ತಕರಾರು.

"ನಾ ಒತ್ತಿದ್ದು ಒಂದು, ಚೀಟಿ ಮ್ಯಾಲೆ ಬಂದಿದ್ದು ಇನ್ನೊಂದು," ಎನ್ನುತ್ತಿದ್ದಳು.

ಮತಗಟ್ಟೆ ಅಧಿಕಾರಿ ಸಿಡುಕಲಿಲ್ಲ. ಬರೆದು ಸಹಿ ಮಾಡಿಕೊಟ್ಟರೆ ಪಕ್ಷಗಳ ಏಜೆಂಟರ ಎದುರು ಇನ್ನೊಮ್ಮೆ ಒತ್ತಿಸಿ ನೋಡುತ್ತೇವೆ, ದೂರು ಸುಳ್ಳಾದರೆ ಪೊಲೀಸ್ ಕೇಸು, ಜೈಲೂ ಆಗಬಹುದು ಎಂದರು.

"ಬಿಡಬೇ ಅಕ್ಕಾ, ಊರ ಮಂದಿ ಮುಂದ ಮಾನ ಕಳೀಬ್ಯಾಡ," ಎಂದೆ. ನನಗೆ ಸಿಟ್ಟು ನೆತ್ತಿಗೇರಿತ್ತು. ಅವಳು ಸಹಿ ಹಾಕಿಯೇ ಬಿಟ್ಟಳು.

ಎಲ್ಲರೂ ಬಗ್ಗಿ ನೋಡುತ್ತಿರುವಾಗ ಮತ್ತೆ ಗುಂಡಿ ಒತ್ತಿದಳು. ಒತ್ತಿದ ಗುರುತೇ ಬಂತು. ಒಬ್ಬ ಏಜೆಂಟ ನಕ್ಕ.

"ಈಗೇನೋ ಬರೋಬರಿ ಬಂತು. ಮೊದಲಿನ ಚೀಟಿ ಒಳಗ ಬಿದ್ದೈತಲ್ರಿ, ಅದನ್ನ ತಗದು ನೋಡ್ರಿ," ಎಂದಳು ಅಕ್ಕ.

"ಅದನ್ನ ತಗಿಯಾಕ ಬರಂಗಿಲ್ಲ ಯವ್ವಾ," ಎಂದರು ಅಧಿಕಾರಿ. "ತಗದ್ರೂ ನಿಮ್ಮದು ಯಾವುದಂತ ಹ್ಯಾಂಗ ಹೇಳೂದು? ಚೀಟಿ ಮ್ಯಾಲೆ ಹೆಸರಿರಂಗಿಲ್ಲ."

ಪೊಲೀಸರು ಅವಳ ವಿಳಾಸ ಬರೆದುಕೊಂಡು, ಕರೆದಾಗ ಬರಬೇಕೆಂದು ಹೇಳಿ ಸಂಜೆಗೆ ಬಿಟ್ಟರು.

ಮರಳುವ ಬಸ್ಸಿನಲ್ಲಿ ಅಕ್ಕ ಶಾಯಿ ಹಚ್ಚಿದ ಬೆರಳನ್ನು ಸೆರಗಿನಿಂದ ಉಜ್ಜುತ್ತ ಕೂತಿದ್ದಳು. ನೋಡಿ ನನಗೆ ಸಂಕಟವಾಯಿತು. ಆದರೂ, "ನಿನಗ ಕಣ್ಣು ಮಂಜಾಗ್ಯಾವ," ಎಂದೆ.

"ಆಗಿರಬೇಕಪಾ," ಎಂದು ಕಿಟಕಿಗೆ ಒರಗಿದಳು. ಡಂಬಳ ದಾಟಿದ ಮೇಲೆ ನನ್ನ ಕಡೆ ತಿರುಗಿದಳು. "ತಮ್ಮಾ, ನಿನ್ನ ಚೀಟಿ ಮ್ಯಾಲೆ ಯಾವ ಗುರುತು ಬಂದಿತ್ತು?"

ಗುಂಡಿ ಒತ್ತಿದ ಮೇಲೆ, ಸದ್ದು ಬರುವತನಕ ನಾನು ಶಾಲೆಯ ಗೋಡೆ ನೋಡುತ್ತ ನಿಂತಿದ್ದೆ. ಗಾಜಿನತ್ತ ನೋಡಿರಲೇ ಇಲ್ಲ.